ಚಿಕ್ಕಮಗಳೂರಿಗೂ ಚಿಕೋರಿಗೂ ಏನು ಸಂಬಂಧ?

ನಮ್ಮ ಹಿಂಡಲಗಾ ಕಡೆ ಮನೆಗೆ ಯಾರೇ ಬರಲಿ, ಮೊದಲು ಚಹಾ. ಹಾಸನದ ಹುಡುಗಿ ಸೊಸೆಯಾಗಿ ಬಂದ ಮೇಲೆಯೇ ನಮ್ಮ ಅಡುಗೆಮನೆಗೆ ಕಾಫಿ ಫಿಲ್ಟರ್ ಬಂದದ್ದು. ಅವಳು ತವರಿಂದ ತಂದ ಪುಡಿ ಮುಗಿದಾಗ, ಬೆಳಗಾವಿ ಪೇಟೆಯ ಒಂದು ಅಂಗಡಿಯಲ್ಲಿ ‘ಪ್ಯೂರ್ ಕಾಫಿ’ ಅಂತ ಹೇಳಿ ಕೊಟ್ಟ ಬಿಡಿ ಪುಡಿಯನ್ನು ತಂದೆ. ಡಿಕಾಕ್ಷನ್ ಕಪ್ಪಗೆ ದಪ್ಪಗೆ ಇಳೀತು. ಒಂದು ಗುಟುಕು ಕುಡಿದವಳೇ, "ರೀ, ಇದ್ರಲ್ಲಿ ಕಾಫಿಗಿಂತ ಚಿಕೋರೀನೇ ಜಾಸ್ತಿ ಇದೆ" ಅಂದಳು.

ಅವ್ವನಿಗೆ ಗಾಬರಿ. "ಹಂಗಂದ್ರ ಏನವಾ? ಹುಣಸಿ ಬೀಜದ ಪುಡಿ ಹಾಕ್ಯಾರೇನು?"

ನನಗೂ ಗೊತ್ತಿರಲಿಲ್ಲ. ಚಿಕ್ಕಮಗಳೂರಿಂದ ಬರೋ ಪುಡಿಗೇ ಚಿಕೋರಿ ಅಂತಾರೇನೋ ಅಂದುಕೊಂಡಿದ್ದೆ! ಹೆಂಡತಿ ಇದನ್ನ ತವರಿಗೆಲ್ಲ ಫೋನ್ ಮಾಡಿ ಹೇಳಿ ನಕ್ಕಳು. ಆ ಸಿಟ್ಟಿಗೇ ಓದಲು ಕೂತೆ.

ಚಿಕೋರಿ ಅಂದರೆ ಒಂದು ಗಿಡದ ಬೇರು. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಹೂ ಮಾತ್ರ ತಿಳಿ ನೀಲಿ. ನಮ್ಮ ದೇಶದಲ್ಲಿ ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದಲ್ಲಿ ಬೆಳೀತಾರೆ. ನಮ್ಮ ಸುಳಗಾ, ಉಚಗಾಂವ ಹೊಲಗಳಲ್ಲಿ ಗೆಣಸು ಕೀಳೋ ಹಾಗೆ ಬೇರನ್ನು ಕಿತ್ತು, ಹೆಚ್ಚಿ, ಒಣಗಿಸಿ, ಹುರಿದು ಪುಡಿ ಮಾಡೋದು. ಬೇರಿನಲ್ಲಿ ಇನ್ಯುಲಿನ್ ಅನ್ನೋ ನಾರಿನಂಶ ಹೇರಳ. ಹುರಿದಾಗ ಅದರಿಂದಲೇ ಆ ಕಂದು ಬಣ್ಣ, ಸುಟ್ಟ ಸಕ್ಕರೆಯ ವಾಸನೆ. ಕೆಫೀನ್ ಇಲ್ಲವೇ ಇಲ್ಲ. ಕೆಲವು ದೇಶಗಳಲ್ಲಿ ಇದರ ಎಲೆಯನ್ನು ಸೊಪ್ಪಿನಂತೆ ತಿಂತಾರೆ. ಯುನಾನಿ ವೈದ್ಯರಿಗೆ ಇದರ ಬೀಜ ಬಹಳ ಹಳೆಯ ಪರಿಚಯ. ಅವರಲ್ಲಿ ಇದರ ಹೆಸರು ‘ಕಾಸನಿ’. ಹಿಂದಿಯಲ್ಲಿ ಕಾಸನಿ ಬಣ್ಣ ಅನ್ನೋದೂ ಈ ಹೂವಿಂದಲೇ.

‘ಚಿಕೋರಿ’ ಹೆಸರು ಬಂದದ್ದು ಗ್ರೀಕ್‌ನಿಂದ. ಅದು ಲ್ಯಾಟಿನ್‌ನಲ್ಲಿ ‘ಸಿಕೋರಿಯಂ’, ಫ್ರೆಂಚರ ಬಾಯಲ್ಲಿ ‘ಶಿಕೊರೆ’, ಅಲ್ಲಿಂದ ಇಂಗ್ಲಿಷು, ಆಮೇಲೆ ನಾವು. 1806ರಲ್ಲಿ ನೆಪೋಲಿಯನ್ ಬ್ರಿಟಿಷರ ವ್ಯಾಪಾರಕ್ಕೆ ತಡೆ ಹಾಕಿದಾಗ ಯುರೋಪಿನಲ್ಲಿ ಕಾಫಿಗೆ ಬರ ಬಂತು. ಆಗ ಫ್ರೆಂಚರ ಕೈಹಿಡಿದದ್ದು ಈ ಬೇರೇ. ಕಾಫಿ ಸಿಗತೊಡಗಿದ ಮೇಲೂ ನಾಲಿಗೆ ಅದನ್ನ ಬಿಡಲಿಲ್ಲ.

ಅಂದರೆ ಚಿಕೋರಿ ವಿಷವೂ ಅಲ್ಲ, ಹೇಳಿ ಹಾಕಿದರೆ ಕಲಬೆರಕೆಯೂ ಅಲ್ಲ. ಆದರೆ ಅದು ಕಾಫಿಗಿಂತ ಅಗ್ಗ. ಪ್ರಶ್ನೆ ನಮ್ಮ ದುಡ್ಡಿನದು. ಕಾಯ್ದೆ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ಬಿಡಿ ಪುಡಿಯಾದರೆ ಹೀಗೆ ಮಾಡಿ ನೋಡಿ: ಗಾಜಿನ ಲೋಟದ ನೀರಿನ ಮೇಲೆ ಒಂದು ಚಮಚ ಪುಡಿ ಮೆಲ್ಲಗೆ ಉದುರಿಸಿ. ಕಾಫಿ ತೇಲುತ್ತೆ. ಚಿಕೋರಿ ಕಂದು ಗೆರೆ ಬಿಡ್ತಾ ಬೇಗ ತಳಕ್ಕೆ ಇಳಿಯುತ್ತೆ. ಎಷ್ಟು ಪಾಲು ಅಂತ ಲೆಕ್ಕ ಸಿಗಲ್ಲ, ಇದೆಯೋ ಇಲ್ಲವೋ ಗೊತ್ತಾಗುತ್ತೆ. ನಮ್ಮ ಲೋಟದಲ್ಲಂತೂ ಗೆರೆಗಳ ಮಳೆಯೇ ಸುರೀತು.

ಅಂಗಡಿಗೆ ಹೋಗಿ ಕೇಳಿದೆ. "ಎಲ್ಲಾರೂ ಹಾಕ್ತಾರ್ರಿ, ಇಲ್ಲಾಂದ್ರ ಡಿಕಾಕ್ಷನ್ ದಪ್ಪ ಬರಂಗಿಲ್ಲ" ಅಂದರು. ಮಾತೇನೋ ಖರೆ. ಹಾಗಾದರೆ ಕಾಫಿ ರೇಟು ಯಾಕೆ ಹಾಕಿದ್ರಿ ಅಂದದ್ದಕ್ಕೆ ಉತ್ತರ ಬರಲಿಲ್ಲ.

ಈಗ 80-20 ಅಂತ ಬರೆದಿರೋ ಪೊಟ್ಟಣ ತರ್ತೀವಿ. ಹಳೇ ಪುಡಿ ಚೆಲ್ಲಲು ಹೋದರೆ ಅವ್ವ ಬಿಡಲಿಲ್ಲ. "ರೊಕ್ಕಾ ಕೊಟ್ಟ ತಂದದ್ದು" ಅಂತ ಬೆಲ್ಲ ಹಾಕಿ ಕುದಿಸಿಕೊಂಡು ಕುಡಿದು ಖಾಲಿ ಮಾಡಿದಳು. ಮೊನ್ನೆ ಮೆಲ್ಲಗೆ ಕೇಳಿದಳು: "ಆ ನೀಲಿ ಹೂವಿನ ಗಿಡ ನಮ್ಮ ಕುಂಡದಾಗ ಬರ್ತದೇನು?"