ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವ ತರಗತಿ

ಮನೋವಿಜ್ಞಾನವನ್ನು ಐಚ್ಛಿಕವಾಗಿ ಆರಿಸಿಕೊಂಡು ಪದವಿ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಲ್ಯಾಬಿನಲ್ಲಿ ಎದುರಾಗುವುದು ಒಂದು ಹಲಗೆ, ಒಂದು ಕನ್ನಡಿ, ಕಾಗದದ ಮೇಲೆ ಅಚ್ಚಾದ ಒಂದು ನಕ್ಷತ್ರ. ತನ್ನ ಕೈ ತನಗೆ ಕಾಣದಂತೆ ಮರೆ ಇರುತ್ತದೆ. ಕನ್ನಡಿಯೊಳಗಿನ ಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಅಂಚಿನ ಗುಂಟ ಪೆನ್ಸಿಲ್ ಎಳೆಯಬೇಕು. ಪಕ್ಕದಲ್ಲಿ ಸಹಪಾಠಿಯೊಬ್ಬರು ಸ್ಟಾಪ್‌ವಾಚ್ ಹಿಡಿದು ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಸಲ ಗೆರೆ ದಾಟಿತು ಎಂದು ಬರೆದುಕೊಳ್ಳುತ್ತಾರೆ. ಮೂಲೆ ತಿರುಗುವಲ್ಲಿ ಕೈ ಹೇಳಿದ ಮಾತು ಕೇಳುವುದಿಲ್ಲ. ಮತ್ತೆ ಮತ್ತೆ ಮಾಡಿದಾಗ ತಪ್ಪುಗಳು ಇಳಿಯುತ್ತವೆ. ಆಮೇಲೆ ಎಡಗೈಗೆ ಪೆನ್ಸಿಲ್ ಕೊಟ್ಟರೆ, ಅಭ್ಯಾಸವನ್ನೇ ಮಾಡದ ಆ ಕೈಯೂ ಅಷ್ಟಿಷ್ಟು ಕಲಿತಿರುತ್ತದೆ. ಪ್ರೀತಿ, ಸಿಟ್ಟು, ಕನಸು, ಖಿನ್ನತೆ ಇವುಗಳ ಒಳಗುಟ್ಟು ತಿಳಿಯಬೇಕೆಂದು ಬಂದವರಿಗೆ ಇದು ಆಟದ ಹಾಗೆ ಕಾಣುವುದು ಸಹಜ. ಇದರ ಜೊತೆಗೆ ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ ಎಂದು ಸ್ಟ್ಯಾಟಿಸ್ಟಿಕ್ಸ್ ಬೇರೆ. ಗಣಿತ ತಪ್ಪಿತೆಂದು ಕಲಾ ವಿಭಾಗಕ್ಕೆ ಬಂದವರ ನಿರಾಸೆ ದೊಡ್ಡದು. ಆದರೆ ಈ ಕೋರ್ಸಿನ ತಿರುಳು ಇರುವುದು ಆ ನಿರಾಸೆ ಹುಟ್ಟಿಸುವ ಭಾಗದಲ್ಲೇ. ವಿದ್ಯಾರ್ಥಿ ತಾನೇ ಪ್ರಯೋಗಕ್ಕೆ ಒಳಗಾಗಿ, ತನ್ನ ಬಗ್ಗೆ ತನಗಿದ್ದ ಖಾತ್ರಿ ಅಲುಗಾಡುವುದನ್ನು ಕಾಣದೆ ಮನೋವಿಜ್ಞಾನ ಕಲಿಯಲು ಬರುವುದಿಲ್ಲ.

ಈ ಅಳೆಯುವ ಪದ್ಧತಿ ಪಠ್ಯಕ್ರಮಕ್ಕೆ ಆಮೇಲೆ ಸೇರಿಸಿದ್ದೇನೂ ಅಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದದ್ದನ್ನೇ ಈ ವಿಷಯದ ಹುಟ್ಟು ಎಂದು ಎಣಿಸುವುದು ರೂಢಿ. ಭಾರತದಲ್ಲಿ ಮೊದಲ ವಿಭಾಗ ಶುರುವಾದದ್ದು 1916ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ. ಮೈಸೂರಿನಲ್ಲಿ 1924ರಲ್ಲೇ ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಪ್ರಸಾರ ಮಾಡಿದವರೂ ಅವರೇ. ಅವರು ಲಂಡನ್ನಿನಲ್ಲಿ ಕಲಿತದ್ದು ಚಾರ್ಲ್ಸ್ ಸ್ಪಿಯರ್‌ಮನ್ ಬಳಿ. ಇಂದಿನ ವಿದ್ಯಾರ್ಥಿಗಳು ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆಯಲ್ಲಿ ಲೆಕ್ಕ ಹಾಕುವ ಶ್ರೇಣಿ ಸಹಸಂಬಂಧದ ಸೂತ್ರಕ್ಕೆ ಇರುವುದು ಅದೇ ಸ್ಪಿಯರ್‌ಮನ್ ಹೆಸರು. ಕನ್ನಡ ನಾಡಿಗೆ ಈ ಶಾಸ್ತ್ರ ಕಾಲಿಟ್ಟದ್ದೇ ಅಳತೆಗೋಲು ಹಿಡಿದುಕೊಂಡು.

ಅಳತೆ ಯಾಕೆ ಬೇಕು ಎಂಬುದಕ್ಕೆ ಒಂದು ತರಗತಿಯ ಉದಾಹರಣೆಗಿಂತ ಒಳ್ಳೆಯ ಉತ್ತರವಿಲ್ಲ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ತಮ್ಮ ಆರಂಭಿಕ ಮನೋವಿಜ್ಞಾನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ವಾರದ ನಂತರ ಪ್ರತಿಯೊಬ್ಬರ ಕೈಗೂ ಅವರ ಹೆಸರಿದ್ದ ಒಂದು ವ್ಯಕ್ತಿತ್ವ ವಿವರಣೆ ಇಟ್ಟು, ಅದು ನಿಮ್ಮನ್ನು ಎಷ್ಟು ಸರಿಯಾಗಿ ಹಿಡಿದಿದೆ, 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. 39 ಮಂದಿಯಲ್ಲಿ 34 ಮಂದಿ 4 ಅಥವಾ 5 ಕೊಟ್ಟರು. ಆಮೇಲೆ ಹಾಳೆಗಳನ್ನು ಹೋಲಿಸಿ ನೋಡಿದರೆ ಎಲ್ಲರಿಗೂ ಸಿಕ್ಕಿದ್ದು ಒಂದೇ ಬರಹ. ಅದರ ವಾಕ್ಯಗಳು ಬಹುಪಾಲು ಪೆಟ್ಟಿಗೆ ಅಂಗಡಿಯಲ್ಲಿ ಮಾರುವಂಥ ಜ್ಯೋತಿಷ್ಯದ ಪುಸ್ತಕದವು. ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಅಳುಕು ಇದೆ, ಬಳಸಿಕೊಳ್ಳದ ಸಾಮರ್ಥ್ಯ ತುಂಬಾ ಇದೆ ಎಂಬ ಬಗೆಯ, ಯಾರಿಗೆ ಹೇಳಿದರೂ ಹೊಂದುವ ಮಾತುಗಳು. ಆ ವಿದ್ಯಾರ್ಥಿಗಳು ದಡ್ಡರಾಗಿರಲಿಲ್ಲ. ‘ಇದು ನನಗೇ ಹೇಳಿದ್ದು’ ಎಂಬ ಅನಿಸಿಕೆ ಬುದ್ಧಿವಂತರಿಗೂ ಬರುತ್ತದೆ, ಮತ್ತು ಅನಿಸಿಕೆ ಎಷ್ಟು ಗಾಢವಾಗಿದ್ದರೂ ಅದು ಪುರಾವೆಯಾಗುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿದವರು ‘ಫೋರರ್ ಪರಿಣಾಮ’ ಎಂದು ಎರಡು ಅಂಕದ ಉತ್ತರ ಬರೆಯುತ್ತಾರೆ. ತರಗತಿಯಲ್ಲಿ ತಾವೇ 5 ಅಂಕ ಕೊಟ್ಟು ಸಿಕ್ಕಿಬಿದ್ದವರು ವಾರಭವಿಷ್ಯವನ್ನೂ ಮೊಬೈಲಿನ ವ್ಯಕ್ತಿತ್ವ ಪರೀಕ್ಷೆಗಳನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ ಎಂದು ನಿರೀಕ್ಷಿಸಬಹುದು.

ಬರೀ ಓದಿನಿಂದ ತಪ್ಪು ತಿಳಿವಳಿಕೆ ಹೋಗುವುದಿಲ್ಲ ಎಂಬುದನ್ನು ಈ ವಿಷಯದ ಅಧ್ಯಾಪಕರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. 1970ರ ದಶಕದಿಂದ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ವಿದ್ಯಾರ್ಥಿಗಳು ಮನಸ್ಸಿನ ಬಗ್ಗೆ ಹತ್ತಾರು ಮಿಥ್ಯೆಗಳನ್ನು ಹೊತ್ತು ಬರುತ್ತಾರೆ, ಸೆಮಿಸ್ಟರ್ ಮುಗಿದ ಮೇಲೂ ಅವುಗಳಲ್ಲಿ ಬಹಳಷ್ಟನ್ನು ಹೊತ್ತೇ ಹೋಗುತ್ತಾರೆ. ನಾವು ಮಿದುಳಿನ ಹತ್ತರಲ್ಲಿ ಒಂದು ಭಾಗವನ್ನಷ್ಟೇ ಬಳಸುತ್ತೇವೆ ಎಂಬುದು ಅವುಗಳಲ್ಲೊಂದು. ಮಿಥ್ಯೆಯನ್ನು ಮೊದಲು ಹೆಸರಿಟ್ಟು ಎತ್ತಿ ಹೇಳಿ, ಆಮೇಲೆ ಸಾಕ್ಷ್ಯ ಮುಂದಿಟ್ಟು ಒಡೆಯುವ ಪಾಠ ಮಾತ್ರ ಹೆಚ್ಚು ಫಲ ಕೊಟ್ಟಿತು. ಕಲಿಕೆಯ ಬಗ್ಗೆಯೇ ಇರುವ ತಪ್ಪು ಕಲ್ಪನೆ ಇನ್ನೂ ಗಟ್ಟಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಪದೇ ಪದೇ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು. ಇದೇ ಪಾಠವನ್ನು ‘ಸ್ಮೃತಿ’ ಅಧ್ಯಾಯದಲ್ಲಿ ಓದುವ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಅದೇ ಅಧ್ಯಾಯವನ್ನು ಗೈಡಿನಿಂದ ಐದಾರು ಸಲ ಓದುತ್ತಾರೆ. ಪ್ರ್ಯಾಕ್ಟಿಕಲ್ ರೆಕಾರ್ಡ್ ಬುಕ್ಕಿನ ಪಾಡು ಇದಕ್ಕಿಂತ ದುಃಖದ್ದು. ಸೀನಿಯರುಗಳ ರೆಕಾರ್ಡಿನಿಂದ ಅಂಕಿಗಳನ್ನು ಇಳಿಸಿಕೊಂಡು, ಆಗದ ಪ್ರಯೋಗಕ್ಕೆ ಫಲಿತಾಂಶ ಬರೆದು ಸಹಿ ಹಾಕಿಸಿಕೊಂಡರೆ, ಕಲಿಯಬೇಕಾದ ಒಂದೇ ಒಂದು ಸಂಗತಿಯೂ ಕಳೆದುಹೋಯಿತು. ತಮ್ಮದೇ ತಪ್ಪು ಎಣಿಸಿ ನೋಡುವುದು ಆ ಸಂಗತಿ.

ಇದಕ್ಕೆ ಬರುವ ಮೊದಲ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಎಷ್ಟೋ ವಿದ್ಯಾರ್ಥಿಗಳು ಈ ವಿಷಯ ಆರಿಸಿಕೊಳ್ಳುವುದು ನೋವಿನಿಂದ: ಮನೆಯಲ್ಲಿ ಯಾರಿಗೋ ಕಾಯಿಲೆ, ತಮಗೇ ಅರ್ಥವಾಗದ ದುಗುಡ. ಅವರ ಮುಂದೆ ಸ್ಟಾಪ್‌ವಾಚ್ ಇಡುವುದು ನಿರ್ದಯವಲ್ಲವೇ? ನೋವಿಗೆ ನೆರವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಗತಿ ಚಿಕಿತ್ಸೆಯ ಜಾಗವಲ್ಲ, ಅಧ್ಯಾಪಕರು ವಿದ್ಯಾರ್ಥಿಯ ಚಿಕಿತ್ಸಕರೂ ಅಲ್ಲ. ಆ ಕೆಲಸಕ್ಕೆ ಕಾಲೇಜಿನಲ್ಲಿ ತರಬೇತಾದ ಆಪ್ತಸಮಾಲೋಚಕರು ಇರಬೇಕು; 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಪ್ರತಿ ಲ್ಯಾಬಿನ ಗೋಡೆಯ ಮೇಲೆ ಇರಬೇಕು. ಇನ್ನು ಅಸಹಜ ಮನೋವಿಜ್ಞಾನದ ಪತ್ರಿಕೆ ಓದುವಾಗ ಪ್ರತಿ ಪುಟದಲ್ಲೂ ತನ್ನನ್ನೇ ಕಾಣುವ ಭಯ ಇದೆಯಲ್ಲ, ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಬಹಳ ಹಿಂದೆಯೇ ಗುರುತಿಸಿದ ಆ ಭಯಕ್ಕೆ ಮದ್ದು ಕೂಡ ಅಳತೆಯಲ್ಲೇ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಖಿನ್ನತೆ ಎನ್ನಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವೂ ಇರಬೇಕು. ಬದುಕಿನ ಕೆಲಸಗಳಿಗೆ ಅಡ್ಡಿಯಾಗಿರಬೇಕು ಇಲ್ಲವೇ ತೀವ್ರ ಸಂಕಟ ತಂದಿರಬೇಕು. ಈ ‘ಎಷ್ಟು’, ‘ಎಷ್ಟು ದಿನ’ ಎಂಬ ಪ್ರಶ್ನೆಗಳನ್ನು ಕಲಿತ ವಿದ್ಯಾರ್ಥಿ ಒಂದು ಸಂಜೆಯ ಬೇಸರಕ್ಕೆ ರೋಗದ ಹೆಸರಿಡುವುದಿಲ್ಲ. ಗೆಳತಿ ಮೂರು ವಾರದಿಂದ ಊಟ, ನಿದ್ದೆ ಬಿಟ್ಟು ಕೂತಿದ್ದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕುವುದೂ ಇಲ್ಲ. ಭಾರತದಲ್ಲಿ ವಯಸ್ಕರ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅಂಥ ದೇಶದಲ್ಲಿ ಈ ವಿವೇಕ ಸಣ್ಣದಲ್ಲ.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು: ಈ ಅಳತೆಗಳೇ ನಂಬಿಕೆಗೆ ಅರ್ಹವೇ? 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೊದಲು ಶೇ. 97ರಷ್ಟು ಅಧ್ಯಯನಗಳು ಸ್ಪಷ್ಟ ಪರಿಣಾಮ ತೋರಿಸಿದ್ದವು, ಮರುಪ್ರಯೋಗದಲ್ಲಿ ಶೇ. 36 ಮಾತ್ರ. 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ ಪ್ರಮುಖ ಮನೋವಿಜ್ಞಾನ ಪತ್ರಿಕೆಗಳನ್ನು ಜಾಲಾಡಿದಾಗ ಪ್ರಯೋಗಕ್ಕೆ ಒಳಗಾದವರಲ್ಲಿ ಶೇ. 96 ಮಂದಿ ಪಶ್ಚಿಮದ ಕೈಗಾರಿಕಾ ದೇಶಗಳವರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಶೇ. 12. ಅವರಲ್ಲೂ ಎಷ್ಟೋ ಮಂದಿ ಇದೇ ಕೋರ್ಸ್ ಓದುವ ಕಾಲೇಜು ವಿದ್ಯಾರ್ಥಿಗಳು, ಏಕೆಂದರೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಆರಂಭಿಕ ಕೋರ್ಸಿಗೆ ಸೇರಿದವರು ಸಂಶೋಧನೆಗಳಲ್ಲಿ ಪಾಲ್ಗೊಳ್ಳುವುದು, ಇಲ್ಲವೇ ಬದಲಿ ಕೆಲಸ ಮಾಡುವುದು ಕೋರ್ಸಿನ ಭಾಗ. ನಮ್ಮ ಲ್ಯಾಬುಗಳಲ್ಲಿ ತಪ್ಪದೆ ಇರುವ ಮ್ಯುಲ್ಲರ್–ಲೈಯರ್ ಭ್ರಮೆಯನ್ನೇ ನೋಡಿ. ಒಂದೇ ಉದ್ದದ ಎರಡು ಗೆರೆ, ತುದಿಯ ಬಾಣಗಳ ದಿಕ್ಕಿನಿಂದ ಒಂದು ಉದ್ದ ಕಾಣುತ್ತದೆ. 1966ರಲ್ಲಿ ಸೆಗಾಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನಗರವಾಸಿಗಳಿಗೆ ಭ್ರಮೆ ಹೆಚ್ಚು, ಕಲಹರಿಯ ಬೇಟೆಗಾರ ಸಮುದಾಯಕ್ಕೆ ತೀರಾ ಕಡಿಮೆ. ಆ ತೀರ್ಮಾನದ ಮೇಲಿನ ವಾದ ಇಂದಿಗೂ ನಿಂತಿಲ್ಲ.

ಇದೆಲ್ಲ ನಿಜ, ಮತ್ತು ಇದೇ ನನ್ನ ವಾದಕ್ಕೆ ಬಲ. ಶಾಸ್ತ್ರದ ಬಿರುಕು ಪತ್ತೆಯಾದದ್ದು ಯಾರದೋ ಒಳನೋಟದಿಂದಲ್ಲ, ಮತ್ತೆ ಅಳೆದದ್ದರಿಂದ. ಹದಿನೈದು ಜನ ಸಹಪಾಠಿಗಳ ಮೇಲೆ ಪ್ರಯೋಗ ಮಾಡಿ, ಪಕ್ಕದ ಬ್ಯಾಚಿನವರ ಫಲಿತಾಂಶ ತನ್ನದಕ್ಕೆ ತಾಳೆಯಾಗದ್ದನ್ನು ಕಂಡ ವಿದ್ಯಾರ್ಥಿಗೆ ಸಣ್ಣ ಮಾದರಿಯ ಅಪಾಯವನ್ನು ಉಪನ್ಯಾಸ ಮಾಡಿ ಹೇಳಬೇಕಿಲ್ಲ. ಪರರ ಅಳತೆಗೋಲು ನಮಗೆ ಹೊಂದದು ಎನ್ನುವ ಅರಿವು ಇಲ್ಲಿ ಹೊಸದೂ ಅಲ್ಲ. ವಿ. ವಿ. ಕಾಮತ್ ಅಮೆರಿಕದ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, ಆ ಕೆಲಸವನ್ನು 1940ರಲ್ಲಿ ಪುಸ್ತಕವಾಗಿ ತಂದರು. ಬಿನೆ–ಕಾಮತ್ ಪರೀಕ್ಷೆ ಎಂದು ಅದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿದೆ. ಅಷ್ಟು ಹಿಂದಿನ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸಬಹುದೇ ಎಂದು ಕೇಳಬಲ್ಲವರು ಕೂಡ ಸ್ಟ್ಯಾಟಿಸ್ಟಿಕ್ಸ್ ಕಲಿತ ವಿದ್ಯಾರ್ಥಿಗಳೇ.

ಕೆಲಸದ ಪ್ರಶ್ನೆಯನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ಮೇಲ್ಮಟ್ಟದ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ಪ್ರವೇಶದ ದಿನವೇ ಇದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಹೇಳಬೇಕು. 2025ರಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸಬಾರದೆಂದು ಯುಜಿಸಿ ಸೂಚಿಸಿತು. ದೂರದೂರಿನ, ದುಡಿಯುತ್ತಾ ಓದುವ ಹೆಣ್ಣುಮಕ್ಕಳಿಗೆ ಇದರಿಂದಾದ ನಷ್ಟ ದೊಡ್ಡದು. ಲ್ಯಾಬಿಗೆ ಬಂದೇ ಕಲಿಯಬೇಕು ಎಂದಮೇಲೆ ಬಂದವರಿಗೆ ಲ್ಯಾಬ್ ಸಿಗಲೇಬೇಕು.

ಅದಕ್ಕೆ ಲಕ್ಷಗಟ್ಟಲೆ ಹಣವೂ ಬೇಕಿಲ್ಲ. ಮ್ಯುಲ್ಲರ್–ಲೈಯರ್‌ಗೆ ರಟ್ಟು ಸಾಕು, ನೆನಪಿನ ಪ್ರಯೋಗಕ್ಕೆ ಮೊಬೈಲಿನ ಗಡಿಯಾರ ಮತ್ತು ಕನ್ನಡ ಪದಗಳ ಪಟ್ಟಿ ಸಾಕು, ಫೋರರ್ ಪಾಠಕ್ಕೆ ಒಂದು ಜೆರಾಕ್ಸ್ ಹಾಳೆ ಸಾಕು. ಬೇಕಾದದ್ದು ರೆಕಾರ್ಡಿನ ಅಂಕವನ್ನು ‘ಸರಿಯಾದ’ ಫಲಿತಾಂಶಕ್ಕೆ ಕೊಡದೆ ನಿಜವಾಗಿ ಮಾಡಿದ್ದಕ್ಕೆ ಕೊಡುವ ಪರೀಕ್ಷಕರು. ಹಾಗೆ ಮಾಡಿದರೆ ಕೊಪ್ಪಳದ, ಚಾಮರಾಜನಗರದ, ಸಾಗರದ ಕಾಲೇಜುಗಳ ಅಂಕಿಗಳನ್ನು ವರ್ಷವರ್ಷವೂ ಒಂದೆಡೆ ಸೇರಿಸಬಹುದು. ಕನ್ನಡ ಮಾತಾಡುವ ಹದಿನೆಂಟರ ಹರೆಯದವರು ಹೇಗೆ ನೆನಪಿಡುತ್ತಾರೆ, ಎಲ್ಲಿ ಕಣ್ಣು ಮೋಸಹೋಗುತ್ತದೆ ಎಂಬುದಕ್ಕೆ ಆಗ ಅಮೆರಿಕದ ವಿದ್ಯಾರ್ಥಿಗಳ ಸರಾಸರಿಯನ್ನು ಎರವಲು ತರಬೇಕಾಗುವುದಿಲ್ಲ.