ಪಣಜಿಯ ಕ್ಯಾಸಿನೋ, ಚನ್ನರಾಯಪಟ್ಟಣದ ಲೆಕ್ಕ

ಊರಿನ ನಡುಮಧ್ಯೆ ಕ್ಯಾಸಿನೋ ಬಂದ್ರೆ ಲಾಭ ಯಾರಿಗೆ, ನಷ್ಟ ಯಾರಿಗೆ? ಕರ್ನಾಟಕದಲ್ಲಿ ಕ್ಯಾಸಿನೋಗೆ ಅನುಮತಿ ಇಲ್ಲ. ಹಾಗಾಗಿ ಪಕ್ಕದ ಗೋವಾ ನೋಡೋಣ.

1976ರ ಗೋವಾ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ಆಗಿ, ಪಂಚತಾರಾ ಹೋಟೆಲ್, ಹಡಗುಗಳಲ್ಲಿ ಆಟಕ್ಕೆ ಅವಕಾಶ ಸಿಕ್ತು. ಈಗ ಪಣಜಿ ಪೇಟೆ ಎದುರಿಗೇ, ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು ನಿಂತಿವೆ. ಸರ್ಕಾರಕ್ಕೆ ಲೈಸೆನ್ಸ್ ಶುಲ್ಕ ಬರುತ್ತೆ, ಹೋಟೆಲ್, ಟ್ಯಾಕ್ಸಿಯವರಿಗೆ ವ್ಯಾಪಾರ ಆಗುತ್ತೆ, ಒಂದಷ್ಟು ಜನಕ್ಕೆ ಕೆಲಸನೂ ಸಿಗುತ್ತೆ. ಇದು ಸುಳ್ಳಲ್ಲ.

ಆದ್ರೆ 2020ರ ಫೆಬ್ರವರಿಯಿಂದ ಗೋವಾ ಸರ್ಕಾರ ತನ್ನದೇ ಜನ ಅಲ್ಲಿ ಆಡೋದನ್ನ ನಿಷೇಧಿಸಿದೆ. ಅಂದ್ರೆ ಸೋಲೋ ದುಡ್ಡು ಹೊರಗಿನವರದ್ದು. ಅದರಲ್ಲಿ ನಮ್ಮ ಕಡೆಯವರದ್ದೂ ಇದೆ.

ಈಗ ಲೆಕ್ಕ. ಒಂದೇ ಸೊನ್ನೆಯಿರೋ ರೂಲೆಟ್ ಚಕ್ರದಲ್ಲಿ 37 ಮನೆ. ಪ್ರತಿ ಮನೆಗೂ 100 ರೂಪಾಯಿ ಕಟ್ಟಿದ್ರೆ 3,700. ಗೆದ್ದ ಮನೆಯಿಂದ ವಾಪಸ್ ಬರೋದು 3,600. ಚೆಂಡು ಎಲ್ಲೇ ಬೀಳಲಿ, 100 ರೂಪಾಯಿ ಕ್ಯಾಸಿನೋದು. ಒಬ್ಬರು ಒಂದಿನ ಗೆಲ್ಲಬಹುದು. ಎಲ್ಲರನ್ನೂ ಸೇರಿಸಿದ್ರೆ ಸೋಲು ಖಚಿತ.

ಲೈಸೆನ್ಸ್ ಶುಲ್ಕ ಗೋವಾದ ಪುಸ್ತಕದಲ್ಲಿ ಜಮಾ ಆಗುತ್ತೆ. ಕೊಬ್ಬರಿ ಮಾರಿದ ದುಡ್ಡು ಅಲ್ಲಿ ಕರಗಿದ್ರೆ, ಸಾಲ ಚನ್ನರಾಯಪಟ್ಟಣದ ಮನೆ ಲೆಕ್ಕಕ್ಕೆ ಬೀಳುತ್ತೆ. ಎಲ್ಲೇ ಹೊಸ ಕ್ಯಾಸಿನೋ ಬರುತ್ತೆ ಅಂದ್ರೂ ಮೊದಲು ಕೇಳಿ: ಸೋಲೋರ ಮನೆ ಯಾವ ಊರಲ್ಲಿದೆ?