ಎದೆಗೋಡೆಯ ಧಮನಿ ಮತ್ತು ಹೃದಯದ ಬೈಪಾಸ್

ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ಕ್ಷೇತ್ರವನ್ನು ಕಂಡವರಿಗೆ ಅಲ್ಲಿಯ ಅಂತರಗಂಗೆಯ ಪರಿಚಯವುಂಟು. ಬಯಲುಸೀಮೆಯ ಬೇಸಗೆಯಲ್ಲಿಯೂ ಅಲ್ಲಿ ನೀರು ಜಿನುಗಿ ಹೊಂಡವನ್ನು ಸೇರುತ್ತದೆ. ಮೂಲದ ಸಂಬಂಧ ಕಡಿಯದ ಸೆಲೆ ಬೇಗ ಬತ್ತದು. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಎದೆಗೋಡೆಯ ಧಮನಿಗೆ ದೊರೆತಿರುವ ಮಹತ್ವವನ್ನು ಈ ದೃಷ್ಟಾಂತದಿಂದ ಕೆಲಮಟ್ಟಿಗೆ ತಿಳಿಯಬಹುದು.

ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ಪರಿಧಮನಿಗಳೊಳಗೆ ಕೊಬ್ಬು ಸಂಚಯಗೊಂಡು ದಾರಿ ಕಿರಿದಾದಾಗ, ಅಡ್ಡಿಯ ಆಚೆಗೆ ಬೇರೊಂದು ನಾಳದಿಂದ ರಕ್ತವನ್ನು ಹಾಯಿಸುವುದೇ ಬೈಪಾಸ್. ಈ ನಾಳವನ್ನು ಎಲ್ಲಿಂದ ತರಬೇಕು? 1964ರಲ್ಲಿ ಲೆನಿನ್‌ಗ್ರಾಡಿನ ವಸಿಲಿ ಕೋಲೆಸೊವ್ ಅವರು ಎದೆಗೋಡೆಯ ಧಮನಿಯನ್ನು ಪರಿಧಮನಿಗೆ ಹೊಲಿದು ಜೋಡಿಸಿದರು. ಆದರೆ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫಾವಲೋರೊ ಅವರು ಆರಂಭಿಸಿದ, ಕಾಲಿನ ಸಿರೆಯನ್ನು ಬಳಸುವ ವಿಧಾನವೇ ಮೊದಲು ವ್ಯಾಪಕವಾಗಿ ಹರಡಿತು. ನಮ್ಮ ದೇಶದಲ್ಲಿ 1975ರಲ್ಲಿ ಮದರಾಸಿನಲ್ಲಿ ಕೆ. ಎಂ. ಚೆರಿಯನ್ ಅವರು ಬೈಪಾಸನ್ನು ಮೊದಲಿಗೆ ಯಶಸ್ವಿಯಾಗಿ ನಡೆಸಿದರು.

ಎದೆಮೂಳೆಯ ಎರಡು ಪಕ್ಕಗಳಲ್ಲಿಯೂ ಪಕ್ಕೆಲುಬುಗಳ ಹಿಂದೆ ಒಂದೊಂದು ಧಮನಿ ಕೆಳಗಿಳಿಯುತ್ತದೆ. ಎಡಗಡೆಯದನ್ನು ಗೋಡೆಯಿಂದ ಬಿಡಿಸಿ, ಕೆಳತುದಿಯನ್ನು ಮಾತ್ರ ಕತ್ತರಿಸಿ, ಹೃದಯದ ಮುಂಭಾಗದ ಮುಖ್ಯ ಪರಿಧಮನಿಗೆ ಹೊಲಿಯುತ್ತಾರೆ. ಮೇಲ್ತುದಿ ತನ್ನ ಮೂಲಧಮನಿಗೆ ಅಂಟಿಕೊಂಡೇ ಇರುತ್ತದೆ. ಸಿರೆಯಾದರೋ ಎರಡೂ ತುದಿಗಳನ್ನು ಕಡಿದು ತಂದದ್ದು. ಧಮನಿಯ ಒತ್ತಡ ಅದರ ತೆಳುಗೋಡೆಗೆ ಹೊಸದು. ಅದರ ಒಳಪದರ ಕ್ರಮೇಣ ದಪ್ಪವಾಗುತ್ತದೆ. ಎದೆಗೋಡೆಯ ಧಮನಿಯ ಸ್ಥಿತಿಸ್ಥಾಪಕ ಪದರದಲ್ಲಿ ಸೀಳುಗಳು ವಿರಳ. ಅದರ ಒಳಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಧಾರಾಳವಾಗಿ ಉತ್ಪಾದಿಸಿ ನಾಳವನ್ನು ಸಡಿಲವಾಗಿಡುತ್ತವೆ. ಆದುದರಿಂದಲೇ ಹತ್ತು ವರ್ಷಗಳ ತರುವಾಯ ಈ ಧಮನಿಗಳಲ್ಲಿ ನೂರಕ್ಕೆ ಸುಮಾರು 90 ತೆರೆದಿರುತ್ತವೆ. ಸಿರೆಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮುಚ್ಚಿಹೋಗಿರುತ್ತವೆ. ಧಮನಿಯನ್ನು ಪಡೆದವರು ಹತ್ತು ವರ್ಷ ಬದುಕುವ ಸಂಭವವೂ ಹೆಚ್ಚೆಂದು 1986ರಲ್ಲಿ ಫ್ಲಾಯ್ಡ್ ಲೂಪ್ ಮತ್ತು ಅವರ ಸಂಗಡಿಗರು ತೋರಿಸಿದರು.

ಹಾಗಾದರೆ ಎರಡೂ ಕಡೆಯ ಧಮನಿಗಳನ್ನು ಎಲ್ಲರಿಗೂ ಬಳಸಬಾರದೇಕೆ? ಎದೆಮೂಳೆಯನ್ನು ಪೋಷಿಸುವವೂ ಅವೇ. ಎರಡನ್ನೂ ಬಿಡಿಸಿದರೆ, ಮುಖ್ಯವಾಗಿ ಮಧುಮೇಹಿಗಳಲ್ಲಿ, ಗಾಯ ಮಾಯುವುದು ತಡವಾಗಿ ಸೋಂಕಿನ ಭಯವುಂಟು. ಭಾರತವೂ ಸೇರಿದಂತೆ ಏಳು ದೇಶಗಳ 3102 ರೋಗಿಗಳ ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾಯಿತು. ಒಂದಕ್ಕೆ ಯೋಜಿಸಿದವರಿಗೂ ಎರಡಕ್ಕೆ ಯೋಜಿಸಿದವರಿಗೂ ಹತ್ತು ವರ್ಷಗಳ ಮರಣಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶರೀರವನ್ನರಿತು ನಾಳವನ್ನು ಆರಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

ಗಜೇಂದ್ರಗಡದ ನೇಕಾರನಾಗಲಿ ಒಕ್ಕಲಿಗನಾಗಲಿ ಹುಬ್ಬಳ್ಳಿ, ಬೆಳಗಾವಿ ಇಲ್ಲವೆ ಬೆಂಗಳೂರಿಗೆ ಹೋಗಿ ಈ ಚಿಕಿತ್ಸೆಯನ್ನು ಪಡೆಯಬೇಕು. ಎರಡನೆಯ ಸಲ ಎದೆಯನ್ನು ತೆರೆಯಿಸುವುದು ಅವನಿಗೆ ಎಲ್ಲ ಬಗೆಯಲ್ಲಿಯೂ ಕಷ್ಟ. ಆದುದರಿಂದ ನಾಳದ ಬಾಳಿಕೆ ಅವನ ಮಟ್ಟಿಗೆ ಕೇವಲ ಶಾಸ್ತ್ರಚರ್ಚೆಯಲ್ಲ. ಹೊಸ ದಾರಿ ದೊರೆತರೂ ಹಳೆಯ ರೋಗ ಒಳಗೇ ಇರುತ್ತದೆ. ತಂಬಾಕನ್ನು ಬಿಡುವುದೂ ಔಷಧಿಯನ್ನು ತಪ್ಪದೆ ಸೇವಿಸುವುದೂ ಮೊದಲಿನಷ್ಟೇ ಅಗತ್ಯ.